ಬಣ್ಣದ ಲೆಕ್ಕ

ಹಾವೆಂದರೆ ನಮ್ಮ ಜನಕ್ಕೆ ಎರಡು ಭಾವಗಳು ಮಾತ್ರವೇ ಪರಿಚಿತವಾಗಿವೆ; ಒಂದು ಭಯ, ಮತ್ತೊಂದು ಭಕ್ತಿ. ಹೊಲದ ಬದುವಿನಲ್ಲಿ ಕಂಡರೆ ದೊಣ್ಣೆಯನ್ನು ಹುಡುಕುತ್ತೇವೆ; ಅಶ್ವತ್ಥಕಟ್ಟೆಯ ಕಲ್ಲಿನಲ್ಲಿ ಕಂಡರೆ ಹಾಲೆರೆದು ಕೈಮುಗಿಯುತ್ತೇವೆ. ಇವೆರಡೂ ಅಲ್ಲದೆ, ಹಾವನ್ನು ಬೆಕ್ಕಿನ ಮರಿಯಂತೆ ಮನೆಯಲ್ಲಿ ಸಾಕಿ, ಅದರ ಮೊಟ್ಟೆಯೊಡೆದು ಬರುವ ಮರಿಗಳ ಬಣ್ಣವನ್ನೂ ಮೈಮೇಲಿನ ಚಿತ್ತಾರವನ್ನೂ ಎರಡು ತಿಂಗಳು ಮುಂಚಿತವಾಗಿಯೇ ಲೆಕ್ಕಹಾಕಿ ಗೋಡೆಗೆ ಅಂಟಿಸತಕ್ಕ ಜನರೂ ಉಂಟೆಂಬುದು ನಮಗೆ ಎಪ್ಪತ್ತೆಂಟನೆಯ ವಯಸ್ಸಿನವರೆಗೆ ತಿಳಿದಿರಲಿಲ್ಲ. ತಿಳಿಯಿಸಿದವನು ನಮ್ಮ ಮಗಳ ಮಗ. ಅವನ ಲೆಕ್ಕವು ಹಾವಿನಷ್ಟಕ್ಕೇ ನಿಲ್ಲದೆ, ನಮ್ಮ ಮನೆತನದಲ್ಲಿ ಅರುವತ್ತು ವರ್ಷಗಳಿಂದ ಯಾರೂ ತೆರೆದು ನೋಡದಿದ್ದ ಖಾತೆಯೊಂದನ್ನು ತೆರೆಯಿಸಿದುದರಿಂದ, ಆ ವೃತ್ತಾಂತವನ್ನು ವಾಚಕರ ಮುಂದಿಡಲು ಮನಸ್ಸುಮಾಡಿದ್ದೇವೆ.

೨೦೨೨ನೆಯ ಇಸವಿಯ ಮೇ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅಮೆರಿಕದ ಒಹಾಯೊ ಸಂಸ್ಥಾನದ ಕೊಲಂಬಸ್ ನಗರದಲ್ಲಿರುವ ಮಗಳ ಮನೆಗೆ ಹೋದೆವು. ಮೊಮ್ಮಗನಿಗೆ ಆಗ ಹದಿನಾರು ವರ್ಷ. ಅವನ ಕೋಣೆಯಲ್ಲಿ ಎರಡು ಗಾಜಿನ ಪೆಟ್ಟಿಗೆಗಳು. ಒಂದರಲ್ಲಿ ಗಂಡು ಹಾವು, ಇನ್ನೊಂದರಲ್ಲಿ ಹೆಣ್ಣು. ನಮ್ಮ ಮನೆಯವರು ಮೊದಲ ದಿನ ಆ ಕೋಣೆಯ ಹೊಸ್ತಿಲನ್ನು ದಾಟಲಿಲ್ಲ, ಎರಡನೆಯ ದಿನ ಹೊರಗಿನಿಂದಲೇ ಕೈಮುಗಿದರು, ಮೂರನೆಯ ದಿನ, "ಇವಕ್ಕೆ ಊಟಕ್ಕೇನು?" ಎಂದು ಕೇಳಿದರು. ಹುಡುಗನು ಸಂಕೋಚದಿಂದ ತಾಯಿಯ ಮುಖವನ್ನು ನೋಡಿದನು. ಅಂಗಡಿಯಲ್ಲಿ ಸಿಕ್ಕುವ, ಹಿಮಗಟ್ಟಿಸಿದ ಸತ್ತ ಇಲಿಗಳೇ ಅವುಗಳ ಆಹಾರವೆಂದೂ, ಅಡಿಗೆಮನೆಯ ಶೀತಪೆಟ್ಟಿಗೆಗೆ ಅದರ ಸೋಂಕು ತಗುಲದಂತೆ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಬೇರೆಯೇ ಒಂದು ಪುಟ್ಟ ಶೀತಪೆಟ್ಟಿಗೆಯನ್ನು ಇಟ್ಟಿರುವುದಾಗಿಯೂ ಮಗಳು ಸಮಾಧಾನ ಹೇಳಿದಳು. ನಾವು ಅಲ್ಲಿದ್ದ ಐದು ತಿಂಗಳೂ ನಮ್ಮ ಮನೆಯವರು ಆ ಕೊಟ್ಟಿಗೆಯ ಕಡೆ ತಲೆಹಾಕಲಿಲ್ಲ.

ಈ ಹಾವಿಗೆ ಅಲ್ಲಿಯವರು ಕಾರ್ನ್ ಸ್ನೇಕ್ ಎನ್ನುತ್ತಾರೆ; ನಾವು ಜೋಳದ ಹಾವೆಂದು ಕರೆಯೋಣ. ಇದು ಅಮೆರಿಕದ ಆಗ್ನೇಯ ಭಾಗದ ಕಾಡು ಬಯಲುಗಳದ್ದು. ಹೊಟ್ಟೆಯ ಮೇಲಿನ ಕಪ್ಪು ಬಿಳಿ ಚೌಕಗಳು ಬಣ್ಣದ ಮುಸುಕಿನ ಜೋಳದ ಕಾಳುಗಳಂತೆ ಕಾಣುವುದರಿಂದ ಈ ಹೆಸರು ಬಂದಿತೆಂದು ಕೆಲವರು ಹೇಳುತ್ತಾರೆ. ಜೋಳದ ಕಣಜಗಳಿಗೆ ಇಲಿ ಹಿಡಿಯಲು ಬರುತ್ತಿದ್ದುದರಿಂದ ಎಂದು ಮತ್ತೆ ಕೆಲವರು. ೧೭೬೬ರಲ್ಲಿ ಲಿನೇಯಸ್ ಪಂಡಿತನು ಇದಕ್ಕೆ ಶಾಸ್ತ್ರೀಯವಾದ ಹೆಸರನ್ನಿಟ್ಟನು. ಮೂರರಿಂದ ಐದು ಅಡಿ ಬೆಳೆಯುವುದು, ವಿಷವಿಲ್ಲ, ನಮ್ಮ ಕೇರೆಹಾವಿನಂತೆ ಇಲಿಗಳಿಗೆ ಮಾತ್ರ ಮೃತ್ಯು. ಕಿತ್ತಳೆಯ ಮೈಮೇಲೆ ಕಪ್ಪು ಅಂಚುಳ್ಳ ಕೆಂಪು ಮಚ್ಚೆಗಳು ತಲೆಯಿಂದ ಬಾಲದವರೆಗೆ ಸಾಲಾಗಿ ಇರುವುವು. ನಮ್ಮ ನಾಡಿನ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಅಡ್ಡಿಯಾಗಿದೆ. ಅದು ಒಳ್ಳೆಯದೇ ಸರಿ. ಆದರೆ ಈ ಜೋಳದ ಹಾವುಗಳು ಹಲವು ತಲೆಮಾರುಗಳಿಂದ ಮನೆಗಳಲ್ಲಿಯೇ ಹುಟ್ಟಿ ಬೆಳೆದವು.

ಜೂನ್ ತಿಂಗಳ ಮೊದಲ ವಾರದಲ್ಲಿ ಹೆಣ್ಣು ಹಾವು ಹದಿನಾರು ಮೊಟ್ಟೆಗಳನ್ನಿಟ್ಟಿತು. ಕೋಳಿಮೊಟ್ಟೆಯಂತೆ ಗಟ್ಟಿಯಾದ ಚಿಪ್ಪಲ್ಲ, ಒದ್ದೆಯ ಚರ್ಮದಂತೆ ಮೆತ್ತನೆಯದು. ಹುಡುಗನು ಅವುಗಳನ್ನು ಮಗ್ಗುಲು ಬದಲಾಯಿಸದೆ ಒಂದು ಡಬ್ಬಿಯಲ್ಲಿ ತೇವದ ಹಾಸಿನ ಮೇಲಿಟ್ಟು, ಇಪ್ಪತ್ತೆಂಟು ಡಿಗ್ರಿ ಶಾಖದಲ್ಲಿ ಮುಚ್ಚಿಟ್ಟನು. ಅರುವತ್ತು ದಿವಸಗಳ ಕಾವು. ಅನಂತರ ಒಂದು ಕಾಗದದ ಮೇಲೆ ಚದುರಂಗದ ಮಣೆಯಂತೆ ಹದಿನಾರು ಮನೆಗಳನ್ನು ಗೀಚಿ, ಅದರ ಕೆಳಗೆ ಹೀಗೆ ಬರೆದು ಗೋಡೆಗೆ ಅಂಟಿಸಿದನು: ಸಾಧಾರಣ ಬಣ್ಣದವು ೯, ಕಪ್ಪಿಲ್ಲದವು ೩, ಕೆಂಪಿಲ್ಲದವು ೩, ಎರಡೂ ಇಲ್ಲದ ಬಿಳಿಯದು ೧. ಮೂವತ್ತೈದು ವರ್ಷ ಒಂದು ಕಛೇರಿಯಲ್ಲಿ ಲೆಕ್ಕಪತ್ರಗಳನ್ನು ಬರೆದ ನಮಗೆ ಆ ಕಾಗದವನ್ನು ಕಂಡೊಡನೆಯೇ ಕುತೂಹಲವುಂಟಾಯಿತು. ತಂದೆ ತಾಯಿ ಎರಡೂ ನೋಡಲು ಸಾಧಾರಣ ಬಣ್ಣದ ಹಾವುಗಳೇ ಆಗಿರಲು, ಬಿಳಿಯ ಮರಿಯು ಎಲ್ಲಿಂದ ಬರಬೇಕು? ಕೇಳಿದೆವು. ಹುಡುಗನು ತನ್ನ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದುದನ್ನು ನಮ್ಮ ಮಾತಿನಲ್ಲಿ ಇಳಿಸುತ್ತೇವೆ.

ಪ್ರತಿಯೊಂದು ಪ್ರಾಣಿಯಲ್ಲಿಯೂ ಒಂದೊಂದು ಗುಣಕ್ಕೆ ಎರಡೆರಡು ಚೀಟಿಗಳಿರುವುವೆಂದು ಭಾವಿಸಿರಿ. ಒಂದು ತಂದೆ ಕೊಟ್ಟುದು, ಇನ್ನೊಂದು ತಾಯಿ ಕೊಟ್ಟುದು. ಶಾಸ್ತ್ರಜ್ಞರು ಈ ಚೀಟಿಯನ್ನು ವಂಶವಾಹಿಯೆನ್ನುತ್ತಾರೆ. ಆ ಪ್ರಾಣಿಯು ತಾನು ಮರಿಮಾಡುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡುವುದು. ಯಾವುದೆಂಬುದು ಕೇವಲ ಅದೃಷ್ಟ. ಹಾವಿನ ಮೈಯಲ್ಲಿ ಕಪ್ಪನ್ನು ಮಾಡುವುದಕ್ಕೆ ಒಂದು ಬಗೆಯ ಚೀಟಿ, ಕೆಂಪು ಹಳದಿಗಳನ್ನು ಮಾಡುವುದಕ್ಕೆ ಮತ್ತೊಂದು ಬಗೆಯದು. ಎರಡು ಚೀಟಿಗಳಲ್ಲಿ ಒಂದು ಸರಿಯಾಗಿದ್ದರೂ ಸಾಕು, ಬಣ್ಣವು ಪೂರ್ತಿಯಾಗಿ ಬರುವುದು. ಕೆಟ್ಟ ಚೀಟಿಯು ತೆಪ್ಪಗೆ ಹಿಂದೆ ಅಡಗಿರುವುದು. ಎರಡೂ ಕೆಟ್ಟವಾದಾಗ ಮಾತ್ರ ಆ ಬಣ್ಣವಿಲ್ಲದೆ ಹೋಗುವುದು. ಕಪ್ಪಿಲ್ಲದ ಹಾವು ಕೆಂಪು ಕಿತ್ತಳೆಯಾಗಿ, ಕೆಂಪು ಕಣ್ಣುಳ್ಳದಾಗಿರುವುದು. ಕೆಂಪಿಲ್ಲದ ಹಾವು ಬೂದಿ ಕಪ್ಪುಗಳದಾಗಿರುವುದು. ಎರಡೂ ಇಲ್ಲದುದು ಹಾಲಿಗೆ ಒಂದು ಹನಿ ಕುಂಕುಮ ಬೆರೆಸಿದಂತೆ ಬಿಳುಪಾಗಿರುವುದು. ಇದನ್ನು ಅವರು ಹಿಮವೆಂಬ ಅರ್ಥದ ಸ್ನೋ ಎಂಬ ಹೆಸರಿನಿಂದ ಕರೆಯುತ್ತಾರೆ.

೧೯೫೩ರಲ್ಲಿ ಉತ್ತರ ಕೆರೊಲೈನಾದಲ್ಲಿ ಕಪ್ಪಿಲ್ಲದ ಗಂಡು ಹಾವೊಂದು ಸಿಕ್ಕಿತು. ಬರ್ನಾರ್ಡ್ ಬೆಕ್ಟೆಲ್ ಎಂಬ ಚರ್ಮವೈದ್ಯರು ಅದನ್ನು ಸಾಕಿ ಸಾಧಾರಣ ಹೆಣ್ಣಿನೊಡನೆ ಕೂಡಿಸಿದರು. ಮರಿಗಳೆಲ್ಲವೂ ಸಾಧಾರಣವಾದುವು. ಮತ್ತೊಬ್ಬರಾಗಿದ್ದರೆ ತಂದೆಯ ಬಣ್ಣವು ತಂದೆಯೊಡನೆಯೇ ಮುಗಿಯಿತೆಂದು ಸುಮ್ಮನಾಗುತ್ತಿದ್ದರು. ಅವರು ಸುಮ್ಮನಾಗದೆ ಆ ಮರಿಗಳು ಬೆಳೆಯುವವರೆಗೆ ಕಾದು, ಅವುಗಳಿಂದ ಮರಿಮಾಡಿಸಿದಾಗ, ಮುಚ್ಚಿಹೋಗಿದ್ದ ಬಣ್ಣವು ಮೊಮ್ಮಕ್ಕಳಲ್ಲಿ ಮರಳಿ ಕಾಣಿಸಿಕೊಂಡಿತು. ಆಸ್ಟ್ರಿಯ ರಾಜ್ಯದಲ್ಲಿದ್ದ ಗ್ರೆಗೊರ್ ಮೆಂಡೆಲ್ ಎಂಬ ಸನ್ಯಾಸಿಯು ಮಠದ ತೋಟದ ಬಟಾಣಿಗಿಡಗಳಲ್ಲಿ ಕಂಡು ೧೮೬೬ರಲ್ಲಿ ಅಚ್ಚುಹಾಕಿಸಿದ ನಿಯಮವೇ ಹಾವಿನಲ್ಲಿಯೂ ನಡೆಯಿತು. ಮೊಮ್ಮಗನು ಗೋಡೆಗೆ ಅಂಟಿಸಿದ ಚೌಕದ ಮಣೆಯು ಕೇಂಬ್ರಿಜ್ಜಿನ ಪನೆಟ್ ಎಂಬ ಪಂಡಿತನ ಉಪಾಯ.

ಚಿತ್ತಾರದ ಲೆಕ್ಕವೂ ಹೀಗೆಯೇ ಇದೆ, ಆದರೆ ಅದರಲ್ಲೊಂದು ಸ್ವಾರಸ್ಯವುಂಟು. ಬೆನ್ನಿನ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ನಡುವೆ ದುಂಡನೆಯ ಚುಕ್ಕೆಗಳನ್ನು ಬಿಡುವ ಬಗೆಗೆ ಮಾಟ್ಲಿ ಎಂದೂ, ಮಚ್ಚೆಯೇ ಇಲ್ಲದೆ ಉದ್ದುದ್ದ ಗೆರೆಗಳಾಗುವ ಬಗೆಗೆ ಸ್ಟ್ರೈಪ್ ಎಂದೂ ಹೆಸರು. ಇವೆರಡೂ ಒಂದೇ ಸ್ಥಾನದ ಚೀಟಿಯ ಎರಡು ರೂಪಗಳು. ಆದುದರಿಂದ ಮಾಟ್ಲಿಗೂ ಸ್ಟ್ರೈಪಿಗೂ ಹುಟ್ಟಿದ ಮರಿಗಳಲ್ಲಿ ಸಾಧಾರಣ ಚಿತ್ತಾರವು ಬರುವುದಿಲ್ಲ. ಸರಿಯಾದ ಚೀಟಿಯನ್ನು ಕೊಡುವವರೇ ಇಲ್ಲವಲ್ಲ! ಕಪ್ಪಿಲ್ಲದ ಹಾವಿಗೂ ಕೆಂಪಿಲ್ಲದ ಹಾವಿಗೂ ಹುಟ್ಟಿದ ಮರಿಗಳಾದರೋ ಎಲ್ಲವೂ ಸಾಧಾರಣ. ಒಂದರ ಕೊರತೆಯನ್ನು ಮತ್ತೊಂದು ತುಂಬಿಬಿಡುವುದು. ನಮ್ಮ ಮೊಮ್ಮಗನ ಜೋಡಿಯು ಅಂಥ ಮರಿಗಳೇ ಆಗಿದ್ದುವು. ಹೊರಗೆ ಸಾಧಾರಣ, ಒಳಗೆ ಎರಡೂ ಕೊರತೆಗಳನ್ನು ಅಡಗಿಸಿಕೊಂಡವು. ಟೆಸೆರಾ ಎಂಬ ಇನ್ನೊಂದು ಚಿತ್ತಾರವುಂಟು. ಅದಕ್ಕೆ ಒಂದು ಚೀಟಿಯೇ ಸಾಕು, ಅಡಗುವ ಸ್ವಭಾವ ಅದಕ್ಕಿಲ್ಲ.

ಆ ಸಲದ ನಾಗರಪಂಚಮಿಯು ಆಗಸ್ಟ್ ೨ರಂದು ಬಂದಿತು. ನಮ್ಮ ಮನೆಯವರು ಅಡಿಗೆಮನೆಯ ಮೂಲೆಯಲ್ಲಿ ಮಣೆಯಿಟ್ಟು, ಅರಿಶಿನದಲ್ಲಿ ನಾಗನನ್ನು ಬರೆದು, ತನಿಯೆರೆದರು. ಹಾವು ಹಾಲು ಕುಡಿಯುವುದಿಲ್ಲವೆಂದು ಹುಡುಗನು ಹೇಳಲು ಹೊರಟವನು ಅಜ್ಜಿಯ ಮುಖವನ್ನು ನೋಡಿ ಸುಮ್ಮನಾಗಿ, ತಂಬಿಟ್ಟನ್ನು ಕೈಗೆತ್ತಿಕೊಂಡನು. ಅದಾದ ಮೂರು ದಿನಕ್ಕೆ ಮೊಟ್ಟೆಗಳು ಸೀಳತೊಡಗಿದುವು. ಮರಿಯ ಮೂತಿಯ ತುದಿಯಲ್ಲಿ ಒಂದು ಸಣ್ಣ ಹಲ್ಲಿರುತ್ತದೆ. ಅದರಿಂದ ಚಿಪ್ಪನ್ನು ಕೊಯ್ದು, ತಲೆಯನ್ನು ಮಾತ್ರ ಹೊರಗಿಟ್ಟು, ಲೋಕವು ಹೇಗಿದೆಯೆಂದು ಒಂದು ದಿನ ಯೋಚಿಸಿ ಆಮೇಲೆ ಹೊರಗೆ ಬರುವುದು. ಹದಿನಾರರಲ್ಲಿ ಎರಡು ಮೊಟ್ಟೆಗಳು ಮೊದಲೇ ಬೂಷ್ಟು ಹಿಡಿದು ಕೆಟ್ಟಿದ್ದುವು. ಉಳಿದ ಹದಿನಾಲ್ಕರಿಂದ ಬಂದವು ಇವು: ಸಾಧಾರಣ ೮, ಕಪ್ಪಿಲ್ಲದವು ೫, ಕೆಂಪಿಲ್ಲದುದು ೧, ಬಿಳಿಯದು ಒಂದೂ ಇಲ್ಲ.

"ನಿನ್ನ ಲೆಕ್ಕ ತಪ್ಪಿತಲ್ಲ, ಮಗು," ಎಂದೆವು.

"ಲೆಕ್ಕ ತಪ್ಪಲಿಲ್ಲ, ತಾತ. ನೀವು ಅದನ್ನು ಬ್ಯಾಂಕಿನ ಲೆಕ್ಕವೆಂದು ತಿಳಿದಿರಿ," ಎಂದನು.

ಅವನ ವಿವರಣೆಯು ನಮಗೆ ಹೊಸದಾಗಿತ್ತು. ನಮ್ಮ ಕಛೇರಿಯ ಲೆಕ್ಕದಲ್ಲಿ ಜಮೆಯೂ ಖರ್ಚೂ ಕೊನೆಯಲ್ಲಿ ತಾಳೆಯಾಗಲೇಬೇಕು. ಮೊಟ್ಟೆಗಳಿಗೆ ಅಂಥ ಕಟ್ಟುಪಾಡಿಲ್ಲ. ಒಂದೊಂದು ಮೊಟ್ಟೆಯೂ ತನ್ನ ಪಾಲಿನ ಕವಡೆಯನ್ನು ತಾನೇ ಹೊಸದಾಗಿ ಎಸೆಯುವುದು. ಪಕ್ಕದ ಮೊಟ್ಟೆಗೆ ಏನು ಬಿದ್ದಿತೆಂದು ಅದು ಕೇಳುವುದಿಲ್ಲ. ಹದಿನಾರರಲ್ಲಿ ಒಂದು ಎಂದರೆ ಹದಿನಾರಕ್ಕೊಂದು ಬಂದೇ ತೀರಬೇಕೆಂದಲ್ಲ. ಪ್ರತಿಯೊಂದಕ್ಕೂ ಅಷ್ಟು ಅವಕಾಶವಿದೆಯೆಂದು ಮಾತ್ರ. ಹದಿನಾಲ್ಕು ಮರಿಗಳಲ್ಲಿ ಬಿಳಿಯದು ಒಂದೂ ಬಾರದಿರುವ ಸಂಭವವು ಎಷ್ಟೆಂದು ಗುಣಿಸಿ ತೋರಿಸಿದನು. ನೂರಕ್ಕೆ ಸುಮಾರು ೪೦. ಅಷ್ಟೇ ಅಲ್ಲ, ಕಪ್ಪಿಲ್ಲದ ಐದು ಮರಿಗಳೂ ಕೆಂಪಿಲ್ಲದ ಒಂದು ಮರಿಯೂ ಬಂದುದರಿಂದ, ಜೋಡಿಯನ್ನು ಮಾರಿದವನ ಮಾತು ನಿಜವೆಂದು ಸ್ಥಿರಪಟ್ಟಿತು. ಏಕೆಂದರೆ ಒಂದೇ ಒಂದು ಮರಿಯು ಹಾಗೆ ಹುಟ್ಟಿದರೂ ಸಾಕು, ಆ ಕೊರತೆಯು ತಂದೆಯಲ್ಲಿಯೂ ತಾಯಿಯಲ್ಲಿಯೂ ಅಡಗಿರಲೇಬೇಕು. ಒಬ್ಬರಿಂದಲೇ ಅದು ಬರಲಾರದು.

ಆ ಕೊನೆಯ ಮಾತು ನಮ್ಮ ಕಿವಿಯಲ್ಲಿ ನಿಂತಿತು. ಹುಡುಗನು ಒಂದು ಮರಿಯನ್ನು ಅಂಗೈಯ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದನು. ಪೆನ್ಸಿಲಿನಷ್ಟು ದಪ್ಪ, ಕೆಂಪು ಕಣ್ಣು. ನಮಗೆ ಅರುವತ್ತು ವರ್ಷಗಳ ಹಿಂದಿನ ಒಂದು ಬಾಣಂತಿಯ ಕೋಣೆಯು ನೆನಪಿಗೆ ಬಂದಿತು.

ನಮ್ಮ ಅಣ್ಣನವರಿಗೆ ಸೋದರಮಾವನ ಮಗಳನ್ನೇ ತಂದುಕೊಂಡಿದ್ದರು. ಆ ಕಾಲದಲ್ಲಿ ಅದೇ ವಾಡಿಕೆ. ತವರಿನ ಬಳ್ಳಿ ಕಡಿಯಬಾರದೆಂದು ನಮ್ಮ ತಾಯಿಯವರೇ ಹಟಮಾಡಿ ಮಾಡಿಸಿದ ಸಂಬಂಧ. ಮೊದಲನೆಯದು ಗಂಡು, ನಮ್ಮೆಲ್ಲರಂತೆಯೇ ಎಣ್ಣೆಗೆಂಪು. ೧೯೬೨ರಲ್ಲಿ ಹೆಣ್ಣು ಮಗು ಹುಟ್ಟಿತು. ಮೈ ಬೆಳ್ಳಗೆ, ಕೂದಲು ಬೆಳ್ಳಗೆ, ರೆಪ್ಪೆಗಳೂ ಬೆಳ್ಳಗೆ. ಬೆಳಕಿಗೆ ಕಣ್ಣು ಬಿಡಲಾರದು. ತೊನ್ನೆಂದು ಕೆಲವರು ಅಂದರು, ಅದು ತೊನ್ನಲ್ಲ. ಜೋಯಿಸರನ್ನು ಕೇಳಿದುದಾಯಿತು. ತಾಯಿಯ ತವರಿನಲ್ಲಿ ಯಾರೋ ಹಾವನ್ನು ಕೊಂದಿದ್ದಾರೆ, ಸರ್ಪದೋಷವು ಹೆಣ್ಣಿನೊಡನೆ ಬಂದಿದೆ ಎಂದು ಅವರು ಹೇಳಿದರು. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿಯನ್ನು ಮಾಡಿಸಿದರು. ಊರ ಕಟ್ಟೆಯಲ್ಲಿ ನಾಗಪ್ರತಿಷ್ಠೆಯಾಯಿತು. ದೇವರ ಸೇವೆಗೆ ನಮ್ಮ ಆಕ್ಷೇಪವೇನೂ ಇಲ್ಲ. ಅದರಿಂದ ಅಣ್ಣನವರ ಮನಸ್ಸಿಗೆ ಎಷ್ಟೋ ಧೈರ್ಯ ಬಂದಿತು. ಆದರೆ ದೋಷವು ಅತ್ತಿಗೆಯವರದೆಂಬ ಮಾತು ಮಾತ್ರ ಮನೆಯಲ್ಲಿ ನಿಂತುಬಿಟ್ಟಿತು. ನಮ್ಮ ತಾಯಿಯವರು ಕೆಟ್ಟವರಲ್ಲ. ಆದರೂ ಸಿಟ್ಟು ಬಂದಾಗ, "ನಿನ್ನ ತವರಿನಿಂದ ತಂದದ್ದು" ಎಂಬ ಮಾತನ್ನು ಅವರು ಆಡದ ಹಬ್ಬವಿಲ್ಲ. ಅತ್ತಿಗೆಯವರು ಉತ್ತರ ಕೊಡುತ್ತಿರಲಿಲ್ಲ. ಅವರಿಗೆ ಆಮೇಲೆ ಮಕ್ಕಳಾಗಲಿಲ್ಲ. ಆಗಲಿಲ್ಲವೋ, ಬೇಡವೆಂದಿದ್ದರೋ, ಕೇಳತಕ್ಕ ಮಾತಲ್ಲ.

ಇದನ್ನು ಮೊಮ್ಮಗನಿಗೆ ಹೇಳಿದೆವು. ಅವನು ಮರಿಯನ್ನು ಡಬ್ಬಿಗೆ ಬಿಟ್ಟು, ಕೈತೊಳೆದು, ಒಂದು ಕಾಗದವನ್ನು ತೆಗೆದುಕೊಂಡು ಬಂದನು. ಕೂದಲು ಚರ್ಮ ಕಣ್ಣುಗಳೆಲ್ಲವೂ ಬಿಳುಪಾಗುವ ಈ ಸ್ಥಿತಿಗೆ ಆಲ್ಬಿನಿಸಂ ಎಂದು ಹೆಸರೆಂದೂ, ಮನುಷ್ಯರಲ್ಲಿ ಇದಕ್ಕೆ ಹಲವು ವಂಶವಾಹಿಗಳು ಕಾರಣವಾಗಬಹುದಾದರೂ ರೀತಿಯು ಸಾಮಾನ್ಯವಾಗಿ ಒಂದೇ ಎಂದೂ ಹೇಳಿದನು; ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಬಂದರೇನೇ ಸರಿ. ಕಪ್ಪಿಲ್ಲದ ಜೋಳದ ಹಾವಿನಲ್ಲಿ ಕೆಟ್ಟಿರುವ ವಂಶವಾಹಿ ಯಾವುದೆಂಬುದನ್ನು ಜಿನೀವಾ ವಿಶ್ವವಿದ್ಯಾಲಯದ ಪಂಡಿತರು ೨೦೧೫ರಲ್ಲಿ ಕಂಡುಹಿಡಿದರಂತೆ. ಅದರ ಹೆಸರು ಓಸಿಎ೨. ಮನುಷ್ಯರಲ್ಲಿ ಆಲ್ಬಿನಿಸಂ ಉಂಟುಮಾಡುವ ವಂಶವಾಹಿಗಳಲ್ಲಿ ಇದೇ ಓಸಿಎ೨ ಎಂಬುದೂ ಒಂದು. ಹಾವಿಗೂ ನಮಗೂ ಇಷ್ಟು ಹತ್ತಿರದ ನಂಟಿದೆಯೆಂದು ಯಾವ ಜೋಯಿಸರೂ ನಮಗೆ ಹೇಳಿರಲಿಲ್ಲ.

ಹುಡುಗನು ಕೇಳಿದನು: "ದೊಡ್ಡಜ್ಜಿಯವರ ತಂದೆ ಯಾರು, ತಾತ?"

"ನಮ್ಮ ಸೋದರಮಾವ."

"ಎಂದರೆ ನಿಮ್ಮ ಅಮ್ಮನ ಅಣ್ಣ?"

"ಹೌದು."

ಅವನು ಕಾಗದದ ಮೇಲೆ ಒಂದು ಜೋಡಿಯನ್ನು ಬರೆದು, ಅದರ ಕೆಳಗೆ ಒಬ್ಬ ಮಗನನ್ನೂ ಒಬ್ಬ ಮಗಳನ್ನೂ ಬರೆದನು. ಮಗನ ಕೆಳಗೆ ಅತ್ತಿಗೆಯವರು. ಮಗಳ ಕೆಳಗೆ ಅಣ್ಣನವರೂ ನಾವೂ. ಅಲ್ಲಿಂದ ಮುಂದೆ ಅವನು ಹೇಳಬೇಕಾದುದೇನೂ ಇರಲಿಲ್ಲ. ಲೆಕ್ಕ ಬರೆದ ಕಣ್ಣಿಗೆ ಅದು ಥಟ್ಟನೆ ಕಂಡಿತು. ತವರಿನಿಂದ ಬಂದುದು ನಿಜವೇ. ಆದರೆ ಆ ತವರು ಅತ್ತಿಗೆಯವರೊಬ್ಬರದೇ ಆಗಿರಲಿಲ್ಲ, ನಮ್ಮ ತಾಯಿಯವರ ತವರೂ ಅದೇ. ಆ ಮನೆಯ ಒಂದು ಕೆಟ್ಟ ಚೀಟಿಯು ಮಾವನ ಕೈಯಿಂದ ಅತ್ತಿಗೆಯವರಿಗೆ ಬಂದಂತೆಯೇ, ಮತ್ತೊಂದು ನಮ್ಮ ತಾಯಿಯವರ ಮಡಿಲಿನಲ್ಲಿ ಬಂದು ಅಣ್ಣನವರನ್ನು ಸೇರಿತ್ತೆಂಬುದೇ ಬಹುಮಟ್ಟಿಗೆ ಸಂಭವ. ಸೊಸೆಯನ್ನು ದೂರಿದ ಬಾಯಿಯೇ ಮಗನಿಗೆ ಅದನ್ನು ಕೊಟ್ಟಿದ್ದಿತು; ತಿಳಿಯದೆ ಕೊಟ್ಟಿದ್ದಿತು, ಬೇಕೆಂದಲ್ಲ. ಅತ್ತಿಗೆಯವರಷ್ಟೇ ನಿರಪರಾಧಿಗಳು ನಮ್ಮ ತಾಯಿಯವರೂ ಅಣ್ಣನವರೂ. ಅಪರಾಧವೇ ಇಲ್ಲದೆಡೆಯಲ್ಲಿ ಅಪರಾಧಿಯೊಬ್ಬಳನ್ನು ಹುಡುಕಿ ನಿಲ್ಲಿಸಿದುದು ಮಾತ್ರ ನಮ್ಮೆಲ್ಲರ ಅಪರಾಧ.

ಹುಡುಗನು ಪೆನ್ಸಿಲನ್ನು ಕೆಳಗಿಡಲಿಲ್ಲ. "ನಿಮ್ಮ ಅಮ್ಮನಲ್ಲಿ ಆ ಚೀಟಿ ಇದ್ದಿದ್ದರೆ ನಿಮ್ಮಲ್ಲಿರುವ ಸಂಭವ ಎರಡರಲ್ಲಿ ಒಂದು, ನನ್ನ ಅಮ್ಮನಲ್ಲಿ ನಾಲ್ಕರಲ್ಲಿ ಒಂದು, ನನ್ನಲ್ಲಿ ಎಂಟರಲ್ಲಿ ಒಂದು," ಎಂದು ತನ್ನ ಹೆಸರಿನ ಪಕ್ಕದಲ್ಲಿ ಬರೆದುಕೊಂಡನು. ಅವನ ಮುಖದಲ್ಲಿ ಅಂಜಿಕೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ತನ್ನ ಎತ್ತರವನ್ನು ಅಳೆದುಕೊಂಡವನಂತೆ ಇದ್ದನು. ನಮ್ಮ ಕಾಲದಲ್ಲಿ ಇಂಥ ಅಂಕಿಯನ್ನು ಯಾರಾದರೂ ಬರೆದಿದ್ದರೆ ಆ ಕಾಗದವನ್ನು ಒಲೆಗೆ ಹಾಕುತ್ತಿದ್ದೆವು.

ಇದನ್ನು ಹೇಳುವಾಗ ನಮ್ಮದೊಂದು ಕೆಲಸವನ್ನೂ ಮುಚ್ಚಿಡದೆ ಹೇಳಬೇಕು. ಆ ದೇಶದಲ್ಲಿ ಹಾವಿನ ಮರಿಯನ್ನು ಮಾರುವವರು ಅದರ ಹೊರಗಿನ ಬಣ್ಣದೊಡನೆ ಒಳಗೆ ಅಡಗಿರುವುದನ್ನೂ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಕೊರತೆಯನ್ನು ಅಡಗಿಸಿಕೊಂಡಿರುವ ಮರಿಗೆ ‘ಹೆಟ್’ ಎಂದು ಹೆಸರು. ಅಂಥ ಎರಡು ಹಾವುಗಳಿಗೆ ಹುಟ್ಟಿದ ಸಾಧಾರಣ ಬಣ್ಣದ ಮರಿಯಾದರೆ, ಮೂರರಲ್ಲಿ ಎರಡು ಪಾಲು ಅದೂ ಹೆಟ್ ಆಗಿರುವುದರಿಂದ, ‘ನೂರಕ್ಕೆ ೬೬’ ಎಂದು ಬರೆಯುತ್ತಾರೆ. ಖಚಿತವಿಲ್ಲದುದನ್ನು ಖಚಿತವೆಂದು ಹೇಳುವುದಿಲ್ಲ. ಇರಬಹುದಾದುದನ್ನು ಇಲ್ಲವೆಂದೂ ಹೇಳುವುದಿಲ್ಲ. ೧೯೮೬ರಲ್ಲಿ ನಮ್ಮ ಅಣ್ಣನ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬರುತ್ತಾರೆಂದಾಗ, ಅವನ ತಂಗಿಯು ಅವರ ಕಣ್ಣಿಗೆ ಬೀಳಬಾರದೆಂದು ಹಿರಿಯರು ನಿಶ್ಚಯಿಸಿದರು. ಇಪ್ಪತ್ತನಾಲ್ಕು ವರ್ಷದ ಆ ಹುಡುಗಿಯನ್ನು ಬೆಳಗಿನ ಬಸ್ಸಿನಲ್ಲಿ ನಮ್ಮ ಮನೆಗೆ ಕರೆತಂದವರು ನಾವೇ. ಅವಳು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಊಟಕ್ಕೆ ಕುಳಿತಾಗ, "ಚಿಕ್ಕಪ್ಪ, ನನ್ನನ್ನು ಏಕೆ ಕರೆದುಕೊಂಡು ಬಂದಿರೆಂದು ನನಗೆ ಗೊತ್ತು. ಹುಳಿ ಚೆನ್ನಾಗಿದೆ," ಎಂದಳು. ಆ ಎರಡು ಮಾತುಗಳನ್ನು ಒಟ್ಟಿಗೆ ಆಡಿದ ಅವಳ ದೊಡ್ಡತನವು ನಮಗೆ ಆಗ ಅರ್ಥವಾಗಲಿಲ್ಲ.

ಅವಳು ಮುಂದೆ ದೂರವಾಣಿ ಇಲಾಖೆಯಲ್ಲಿ ಆಪರೇಟರಾಗಿ ಕೆಲಸಮಾಡಿ, ಈಗ ನಿವೃತ್ತಿ ಹೊಂದಿ, ತಾಯಿಯನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ. ಅಣ್ಣನವರು ೨೦೦೯ರಲ್ಲಿ ತೀರಿಕೊಂಡರು.

ಹಾವಿನ ಲೆಕ್ಕವನ್ನು ಹಾಗೆಯೇ ಎತ್ತಿ ಮನುಷ್ಯರ ಮೇಲೆ ಹಾಕಬೇಕೆಂದು ನಾವು ಹೇಳುವುದಿಲ್ಲ. ಹಾವಿನಲ್ಲಿಯೇ ಅದರ ಮಿತಿಯು ಕಾಣುವುದು. ಕಪ್ಪು ಇರುವುದೋ ಇಲ್ಲವೋ ಎಂಬುದನ್ನು ಚೌಕದ ಮಣೆಯು ಹೇಳಬಲ್ಲದು. ಕೆಂಪು ಎಷ್ಟು ಗಾಢವಾಗಿರುವುದು, ಮಚ್ಚೆಗಳು ಎಷ್ಟಿರುವುವು, ಅಂಚು ಎಷ್ಟು ದಪ್ಪವಾಗಿರುವುದು ಎಂಬುದನ್ನು ಅದು ಹೇಳಲಾರದು. ದಕ್ಷಿಣ ಕೆರೊಲೈನಾದ ಒಕಿಟಿ ಎಂಬ ಕಡೆಯ ಹಾವುಗಳು ದಪ್ಪನೆಯ ಕಪ್ಪು ಅಂಚಿಗೂ ಉಜ್ವಲವಾದ ಕೆಂಪಿಗೂ ಹೆಸರಾದುವು; ಅಂಥ ಚೆಲುವು ಒಂದು ಚೀಟಿಯಿಂದ ಬಂದುದಲ್ಲ, ಅನೇಕ ಸಣ್ಣ ಸಣ್ಣ ಕಾರಣಗಳು ಕೂಡಿ ಬಂದುದು. ಮತ್ತು ಚೆಲುವಿನ ಆಸೆಯಿಂದ ಕೆಡುಕೂ ಆಗಿದೆ. ಸನ್‌ಕಿಸ್ಡ್ ಎಂಬ ಬಣ್ಣದ ವಂಶದಲ್ಲಿ, ಮರಿಯು ಕತ್ತನ್ನು ಮೇಲಕ್ಕೆ ತಿರುಚಿಕೊಂಡು ತೋಲ ತಪ್ಪಿ ಹೊರಳುವ ರೋಗವೊಂದು ಹೀಗೆಯೇ ಅಡಗಿಕೊಂಡು ಹರಡಿತು. ತಂದೆ ತಾಯಿ ನೋಡಲು ಗಟ್ಟಿಮುಟ್ಟಾಗಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಈಗ ಒಳ್ಳೆಯ ಸಾಕಣೆಗಾರರು ಪರೀಕ್ಷೆಮಾಡದೆ ಆ ವಂಶದ ಹಾವನ್ನು ಮಾರುವುದಿಲ್ಲ. ತಿಳಿದುಕೊಳ್ಳುವುದು ಮರಿಯ ಹಿತಕ್ಕಾಗಿ ಇರಬೇಕೇ ಹೊರತು ಬೆಲೆಯನ್ನು ಏರಿಸುವುದಕ್ಕಲ್ಲವೆಂದು ನಮ್ಮ ಹುಡುಗನ ಅಭಿಪ್ರಾಯ.

ಮನುಷ್ಯರ ಮನೆಯಲ್ಲಿ ಈ ತಿಳಿವಳಿಕೆಯು ಎರಡು ಕೆಲಸಗಳನ್ನು ಮಾಡಬಲ್ಲದು. ಒಂದು, ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಮಾಡುವಾಗ ಒಂದೇ ಮನೆಯ ಅಡಗಿದ ಚೀಟಿಗಳೆರಡು ಸಂಧಿಸುವ ಅವಕಾಶವು ಹೆಚ್ಚೆಂಬುದನ್ನು ನೆನಪಿಟ್ಟು, ಸಂಶಯವಿದ್ದರೆ ವೈದ್ಯರನ್ನು ಮೊದಲೇ ಕೇಳುವುದು. ಇಂದು ಅದಕ್ಕೆ ರಕ್ತಪರೀಕ್ಷೆಗಳಿವೆ. ಇನ್ನೊಂದು, ಅದಕ್ಕಿಂತ ಸುಲಭವಾದುದು. ಹುಟ್ಟಿದ ಮಗುವಿನ ವಿಷಯದಲ್ಲಿ ತಾಯಿಯನ್ನು ದೂರದಿರುವುದು. ಬೆಳ್ಳಗೆ ಹುಟ್ಟಿದ ಮಗುವಿಗೆ ಬೇಕಾದುದು ಬಿಸಿಲಿಗೆ ಕೊಡೆ, ಕಣ್ಣಿಗೆ ಸರಿಯಾದ ಕನ್ನಡಕ, ಶಾಲೆಯಲ್ಲಿ ಮುಂದಿನ ಮಣೆ. ನಮ್ಮ ಮನೆಯ ಮಗುವಿಗೆ ಇವು ಮೂರೂ ಬಹಳ ತಡವಾಗಿ ದೊರೆತುವು. ದೋಷದ ವಿಚಾರಣೆಯಲ್ಲಿ ನಮಗೆ ಪುರಸತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಊರಿಗೆ ಹಿಂದಿರುಗಿ, ಒಂದು ಭಾನುವಾರ ಅತ್ತಿಗೆಯವರನ್ನು ನೋಡಲು ಹೋದೆವು. ಅವರಿಗೆ ಎಂಬತ್ತೆರಡು. ಮೊಮ್ಮಗನು ಬರೆದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡಿದ್ದೆವು. ಅದನ್ನು ಮೇಜಿನ ಮೇಲೆ ಹರಡಿ, ಹಾವಿನ ಮೊಟ್ಟೆಗಳಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದೆವು. ಅಣ್ಣನ ಮಗಳು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದು ಹೆಸರನ್ನೂ ನಿಧಾನವಾಗಿ ಓದಿದಳು. ತನಗೆ ಇದು ಹೊಸ ವಿಷಯವಲ್ಲವೆಂದೂ, ಬಹಳ ವರ್ಷಗಳ ಹಿಂದೆ ಕಣ್ಣಿನ ವೈದ್ಯರೊಬ್ಬರು ಹೇಳಿದ್ದರೆಂದೂ ಅಂದಳು. "ಮತ್ತೆ ನೀನು ನಮಗೇಕೆ ಹೇಳಲಿಲ್ಲ?" ಎಂದೆವು. "ನೀವು ಯಾರೂ ಕೇಳಲಿಲ್ಲವಲ್ಲ, ಚಿಕ್ಕಪ್ಪ," ಎಂದಳು. ೧೯೮೬ರ ಆ ದಿನದ ವಿಷಯವಾಗಿ ನಾವು ಆಡಬೇಕೆಂದುಕೊಂಡಿದ್ದ ಮಾತನ್ನು ಆಡಿದೆವು. ಅವಳು, "ಹುಳಿ ನಿಜವಾಗಿಯೂ ಚೆನ್ನಾಗಿತ್ತು," ಎಂದು ನಕ್ಕಳು.

ಅತ್ತಿಗೆಯವರು ಬಹಳ ಹೊತ್ತು ಸುಮ್ಮನಿದ್ದರು. ಅರ್ಥವಾಯಿತೋ ಇಲ್ಲವೋ ಎಂದು ನಾವು ಮತ್ತೊಮ್ಮೆ ಹೇಳಲು ಮೊದಲುಮಾಡಿದಾಗ ಕೈಯೆತ್ತಿ ತಡೆದು, ಒಂದು ಮಾತನ್ನು ಕೇಳಿದರು.

"ಆ ಕೆಂಪು ಕಣ್ಣಿನ ಮರಿಗಳು ಹುಟ್ಟಿದವಲ್ಲ, ಅವುಗಳ ತಾಯಿಯನ್ನು ಅಲ್ಲಿ ಯಾರೂ ಬಯ್ಯಲಿಲ್ಲವೇನಪ್ಪ?"

"ಇಲ್ಲ, ಅತ್ತಿಗೆ. ಹುಡುಗ ಅದಕ್ಕೆ ಎರಡು ದಿನ ಹೆಚ್ಚಾಗಿ ಊಟ ಹಾಕಿದನು," ಎಂದೆವು.

"ಒಳ್ಳೆಯ ಹುಡುಗ," ಎಂದರು. ಕಾಫಿ ತರಲು ಮಗಳಿಗೆ ಹೇಳಿದರು. ನಾವು ಕಾಗದವನ್ನು ಮಡಿಸಿಕೊಳ್ಳಲು ಕೈಚಾಚಿದಾಗ ಅದು ಅವರ ಅಂಗೈಯ ಕೆಳಗಿತ್ತು. ಅವರು ಕೊಡಲಿಲ್ಲ, ನಾವೂ ಕೇಳದೆ ಬಂದೆವು.